ಸಾವಿರ ವರ್ಷ ನಡೆದು ಬಂದ ಗೆಳೆಯ

ಮಕ್ಕಳೇ, ದೂರದ ಊರಿನಲ್ಲಿದ್ದು ಪತ್ರದ ಮೂಲಕವೇ ಸ್ನೇಹ ಬೆಳೆಸುವವರನ್ನು ನಾವು 'ಪತ್ರಮಿತ್ರ' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅವರು 'ಪೆನ್ ಪ್ಯಾಲ್'. ಪೆನ್ ಎಂದರೆ ಲೇಖನಿ; ಪ್ಯಾಲ್ ಎಂದರೆ ಗೆಳೆಯ. ಇದು ಸಲುಗೆಯ ಆಡುಮಾತು. ಈ ಪುಟ್ಟ ಪದದ ತವರು ಯಾವುದು ಬಲ್ಲಿರಾ? ನಮ್ಮ ಭಾರತ!

ಸುಮಾರು ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಕೆಲವು ಜನರ ಗುಂಪುಗಳು ಪಶ್ಚಿಮಕ್ಕೆ ಹೊರಟವು. ಪರ್ಷಿಯಾ, ಅರ್ಮೇನಿಯಾ, ಗ್ರೀಕ್ ನಾಡುಗಳನ್ನು ದಾಟಿ ಯುರೋಪಿನಲ್ಲೆಲ್ಲ ಹರಡಿದವು. ಇವರೇ ರೋಮಾ ಜನರು. ಇವರ ನುಡಿ ರೋಮಾನಿ. 16ನೆಯ ಶತಮಾನದ ಆರಂಭದಲ್ಲಿ ಇವರು ಬ್ರಿಟನ್ನಿಗೆ ಬಂದರು. ಅಲ್ಲಿನವರು ಇವರನ್ನು ಈಜಿಪ್ಟಿನವರೆಂದು ತಪ್ಪಾಗಿ ತಿಳಿದರು. 'ಜಿಪ್ಸಿ' ಎಂಬ ಹೆಸರು ಹುಟ್ಟಿದ್ದು ಹೀಗೆ. ಇವರನ್ನು ಹೊರಹಾಕಲು ಇಂಗ್ಲೆಂಡಿನಲ್ಲಿ 1530ರಲ್ಲಿ ಕಾಯಿದೆಯಾಯಿತು. ದೇಶ ಬಿಡದವರಿಗೆ 1554ರ ಕಾಯಿದೆ ಮರಣದಂಡನೆಯನ್ನೇ ವಿಧಿಸಿತು.

ಮನುಷ್ಯರನ್ನು ಅಟ್ಟಬಹುದು, ಅವರ ಮಾತನ್ನು ಅಟ್ಟಲಾದೀತೇ? 17ನೆಯ ಶತಮಾನ ಮುಗಿಯುವ ಮೊದಲೇ ರೋಮಾನಿಯ ಒಂದು ಪದ ಇಂಗ್ಲಿಷರ ಬಾಯಲ್ಲಿ ನೆಲೆಸಿತ್ತು. ಅದೇ 'ಪ್ಯಾಲ್'.

ಈ ಪದ ಹೇಗೆ ರೂಪುಗೊಂಡಿತು ನೋಡಿ. ಸಂಸ್ಕೃತದ 'ಭ್ರಾತಾ' ಎಂದರೆ ಸಹೋದರ. ರೋಮಾನಿಯಲ್ಲಿ 'ಭ'ಕಾರವು 'ಫ'ಕಾರವಾಯಿತು, 'ತ'ಕಾರವು 'ಲ'ಕಾರವಾಯಿತು. ಹೀಗೆ 'ಫ್ರಲ್' ಎಂಬ ಪದ ಬಂದಿತು. ಇಂಗ್ಲೆಂಡಿನ ರೋಮಾ ಜನರ ಮಾತಿನಲ್ಲಿ ನಡುವಿನ ರಕಾರ ಬಿದ್ದುಹೋಗಿ 'ಪಲ್' ಉಳಿಯಿತು. ಸಹೋದರನೆಂಬ ಅರ್ಥ ಗೆಳೆಯನವರೆಗೆ ಹಿಗ್ಗಿತು.

ರೋಮಾನಿಯಲ್ಲಿ ಒಂದು, ಎರಡು, ಐದು ಎಂಬುದಕ್ಕೆ 'ಯೆಕ್, ದುಯ್, ಪಂಜ್' ಎನ್ನುತ್ತಾರೆ. ಹಿಂದಿಯ 'ಏಕ್, ದೋ, ಪಾಂಚ್' ನೆನಪಾಗುವುದಲ್ಲವೇ? ಜರ್ಮನಿಯ ವಿದ್ವಾಂಸ ರೂಡಿಗರ್ 1782ರಲ್ಲಿ ಈ ನುಡಿಯನ್ನು ಹಿಂದೂಸ್ತಾನಿಯೊಡನೆ ಹೋಲಿಸಿ, ಅದರ ಮೂಲ ಭಾರತವೆಂದು ತೋರಿಸಿದನು.

ಇನ್ನೊಂದು ಸೋಜಿಗವಿದೆ. ಇಂಗ್ಲಿಷಿನ 'ಬ್ರದರ್', ಸಂಸ್ಕೃತದ 'ಭ್ರಾತೃ' ಎರಡೂ ಒಂದೇ ಪ್ರಾಚೀನ ಮೂಲದಿಂದ ಬಂದವು. ಪರಕೀಯರೆಂದು ಅಟ್ಟಿದವರ ಮಾತು ಅಟ್ಟಿದವರ ಮಾತಿಗೇ ನಂಟನಾಗಿತ್ತು!

ನಾವೂ ಗುರುತಿಲ್ಲದವರನ್ನು 'ಅಣ್ಣಾ', 'ಅಕ್ಕಾ' ಎಂದು ಕರೆಯುತ್ತೇವೆ. ಗಡಿನಾಡಿನ ನಮ್ಮ ಮಾತಿನಲ್ಲಿ ನೆರೆಯ ನುಡಿಗಳ ಪದಗಳೂ ಸೇರಿವೆ. ಅವುಗಳನ್ನು ಹೊರಗಿನವೆಂದು ತಳ್ಳುವ ಮೊದಲು, ಅವು ನಡೆದು ಬಂದ ದಾರಿಯನ್ನು ವಿಚಾರಿಸಿರಿ.

ಪದಗಳ ಅರ್ಥ
ಸಲುಗೆ – ಆತ್ಮೀಯತೆ
ಅಟ್ಟು – ಓಡಿಸು
ಸೋಜಿಗ – ಆಶ್ಚರ್ಯ

ಅಭ್ಯಾಸ
1. 'ಜಿಪ್ಸಿ' ಎಂಬ ಹೆಸರು ಹೇಗೆ ಬಂದಿತು?
2. 'ಭ್ರಾತಾ' ಪದವು 'ಪ್ಯಾಲ್' ಆದ ಬಗೆಯನ್ನು ವಿವರಿಸಿರಿ.
3. ನಿಮ್ಮ ಮನೆಮಾತಿನಲ್ಲಿ ಸೇರಿರುವ ನೆರೆನುಡಿಯ ಐದು ಪದಗಳನ್ನು ಹಿರಿಯರಿಂದ ಕೇಳಿ ಬರೆಯಿರಿ.