‘ಭಾಗ 2’ರ ಹೊಡೆದಾಟ: ಗರಡಿಯ ಕಣ್ಣು ಮತ್ತು ಕನ್ನಡ ಚಲನಚಿತ್ರದ ಸಾಹಸ ದೃಶ್ಯಗಳು

ಕನ್ನಡ ಚಲನಚಿತ್ರಗಳ ಹೆಸರುಪಟ್ಟಿಯಲ್ಲಿ ಹೊಡೆದಾಟದ ದೃಶ್ಯಗಳನ್ನು ಸಂಯೋಜಿಸಿದವರ ಹೆಸರನ್ನು ‘ಸಾಹಸ’ ಎಂಬ ಪದದಡಿಯಲ್ಲಿ ಕಾಣಿಸುವ ರೂಢಿಯಿದೆ. ರನ್ನನು ತನ್ನ ಗದಾಯುದ್ಧಕ್ಕೆ ಇಟ್ಟ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’ ಎಂಬುದನ್ನು ನೆನೆದರೆ, ಈ ಪದ ಹತ್ತನೆಯ ಶತಮಾನದ ಚಂಪೂಕಾವ್ಯದಿಂದ ಟೂರಿಂಗ್ ಟಾಕೀಸಿನ ತೆರೆಯವರೆಗೆ ನಡೆದುಬಂದ ದಾರಿ ಕುತೂಹಲಕರವಾದುದು. ಆದರೆ ಕಾವ್ಯದ ಯುದ್ಧವರ್ಣನೆಗೆ ದೊರೆತ ವಿಮರ್ಶೆಯ ಗಮನ ಚಲನಚಿತ್ರದ ಹೊಡೆದಾಟಕ್ಕೆ ದೊರೆತಿಲ್ಲ. ಅದನ್ನು ಕಥೆಯ ನಡುವೆ ತುರುಕಿದ ಮಸಾಲೆಯೆಂದು ಬದಿಗಿಡುವುದೇ ವಾಡಿಕೆಯಾಗಿದೆ. ಈಚಿನ ವರ್ಷಗಳಲ್ಲಿ ‘ಭಾಗ 2’, ‘ಅಧ್ಯಾಯ 2’ ಎಂಬ ಹೆಸರಿನಿಂದ ಬರುತ್ತಿರುವ ಮುಂದುವರಿಕೆಯ ಚಿತ್ರಗಳಲ್ಲಿ ಹೊಡೆದಾಟದ ಗಾತ್ರ ಬೆಳೆದು ಗುಣ ಕುಗ್ಗಿದೆ ಎಂಬ ಮಾತು ಪ್ರೇಕ್ಷಕರಿಂದ ಪದೇಪದೇ ಕೇಳಿಬರುತ್ತಿದೆ. ಈ ಮಾತನ್ನು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಇಂದಿಗೂ ಉಳಿದಿರುವ ಕಾಳಗದ ಕಲ್ಪನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯನ್ನು ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿನ ಪ್ರೇಕ್ಷಕನು ಚಿತ್ರಮಂದಿರವನ್ನು ಹೊಗುವ ಮೊದಲೇ ಎರಡು ಬಗೆಯ ಕಾಳಗಗಳನ್ನು ಕಂಡವನು. ಒಂದು, ಜಾತ್ರೆ ಹಬ್ಬಗಳಲ್ಲಿ ಮಟ್ಟಿಯ ಮೇಲೆ ನಡೆಯುವ ನಾಡಕುಸ್ತಿ. ಇನ್ನೊಂದು, ದೇವರಗುಡ್ಡರೂ ನೀಲಗಾರರೂ ರಾತ್ರಿಯಿಡೀ ಹಾಡುವ ಮಹಾಕಾವ್ಯಗಳಲ್ಲಿ ಬರುವ ಮುಖಾಮುಖಿ. ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯು ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯವರ ಕ್ಷೇತ್ರ. ಶಿವರಾತ್ರಿಯ ಕಾಲದ ಅಲ್ಲಿನ ಜಾತ್ರೆಗೆ ಸುತ್ತಣ ತಾಲ್ಲೂಕುಗಳೆಲ್ಲ ಸೇರುತ್ತವೆ. ಕುಸ್ತಿಯ ಕಣ್ಣೂ ಕಾವ್ಯದ ಕಿವಿಯೂ ಒಂದೇ ಪ್ರೇಕ್ಷಕನಲ್ಲಿ ಕೂಡಿರುವುದು ಗಮನಾರ್ಹ.

ನಾಡಕುಸ್ತಿಯಲ್ಲಿ ಕಾಳಗಕ್ಕಿಂತ ಮುಂಚೆ ‘ಜೋಡಿ ಕಟ್ಟುವ’ ಕ್ರಮವಿದೆ. ಮೈಸೂರು ದಸರೆಯಲ್ಲಿ ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ (ಅರಸು ಅವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರೆಂಬುದು ಇಲ್ಲಿ ನೆನೆಯತಕ್ಕದ್ದು) ನಡೆಯುವ ಕುಸ್ತಿಗಳಿಗೂ ಹಲವು ದಿನ ಮೊದಲೇ ಪೈಲ್ವಾನರನ್ನು ಕರೆಸಿ, ವಯಸ್ಸು, ತೂಕ, ಅನುಭವಗಳನ್ನು ನೋಡಿ ಜೋಡಿ ಕಟ್ಟುತ್ತಾರೆ. ಜೋಡಿ ಸರಿಯಾಗಿ ಕಟ್ಟದಿದ್ದರೆ ಕುಸ್ತಿ ನೋಡುವಂತಿರುವುದಿಲ್ಲ ಎಂಬುದು ಗರಡಿಯ ಮೊದಲ ತಿಳಿವಳಿಕೆ. ಗೆಲುವು ನಿಶ್ಚಿತವಾಗಿರುವ ಕಡೆ ಪಟ್ಟಿಗೆ ಅರ್ಥವಿಲ್ಲ. ಎರಡನೆಯದಾಗಿ, ಮಟ್ಟಿಯ ಸುತ್ತ ನಾಲ್ಕೂ ಕಡೆ ಜನರಿರುತ್ತಾರೆ. ಪಟ್ಟು ಹಿಡಿದದ್ದು, ಅದನ್ನು ಬಿಡಿಸಿಕೊಂಡದ್ದು, ಎದುರಾಳಿಯ ಬೆನ್ನು ಮಣ್ಣಿಗೆ ತಾಗಿ ಚಿತ್ ಆದದ್ದು, ಎಲ್ಲವೂ ತಡೆಯಿಲ್ಲದೆ ಕಾಣಬೇಕು. ಕಾಣದ ಪಟ್ಟನ್ನು ಈ ಪ್ರೇಕ್ಷಕ ಒಪ್ಪುವುದಿಲ್ಲ. ವಿಜಯದಶಮಿಯಂದು ಅರಮನೆಯಂಗಳದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗವಂತೂ ಎದುರಾಳಿಯ ನೆತ್ತಿಯಿಂದ ಮೊದಲ ರಕ್ತ ಚಿಮ್ಮಿದೊಡನೆ ಮುಗಿಯುತ್ತದೆ. ಕ್ಷಣಮಾತ್ರದಲ್ಲಿ ಮುಗಿಯಬಹುದಾದ ಆ ಕಾಳಗಕ್ಕಾಗಿ ಜನ ಗಂಟೆಗಟ್ಟಲೆ ಕಾಯುತ್ತಾರೆ. ಉದ್ದವಾದಷ್ಟೂ ಕಾಳಗ ದೊಡ್ಡದು ಎಂಬ ಇಂದಿನ ಚಿತ್ರಗಳ ನಂಬಿಕೆಗೆ ಇದು ನೇರ ವಿರುದ್ಧವಾದ ಸೌಂದರ್ಯದೃಷ್ಟಿ.

ಕಥೆ ಮುಂದುವರಿಯುವ ಪ್ರಶ್ನೆಯಲ್ಲಿ ಜನಪದ ಮಹಾಕಾವ್ಯವೇ ಹೆಚ್ಚು ಬೆಳಕು ನೀಡಬಲ್ಲದು. ಮಲೆಯ ಮಾದೇಶ್ವರ ಕಾವ್ಯವು ‘ಸಾಲು’ಗಳಾಗಿ ವಿಂಗಡಣೆಗೊಂಡಿದೆ. ಒಂದು ಸಾಲು ಮುಗಿದ ಮೇಲೆ ಇನ್ನೊಂದು ಸಾಲು, ನಾಯಕ ಒಬ್ಬನೇ. ಅರ್ಥಾತ್ ಪ್ರತಿ ಸಾಲೂ ಹಿಂದಿನದಕ್ಕೆ ಮುಂದುವರಿದ ಭಾಗವೇ. ಕ್ರೂರಿಯಾದ ಶ್ರವಣನನ್ನು ಮಾದಪ್ಪನು ಕೊಂದ ಮೇಲೆ ಮುಂದಿನ ಸಾಲಿನಲ್ಲಿ ಇನ್ನೂ ದೊಡ್ಡ ರಾಕ್ಷಸನನ್ನೋ ನೂರು ಮಂದಿ ಶ್ರವಣರನ್ನೋ ತರುವ ಗೋಜಿಗೆ ಜನಪದ ಕವಿ ಹೋಗುವುದಿಲ್ಲ. ಸಂಕಮ್ಮನ ಸಾಲಿನಲ್ಲಿ ಎದುರಾಗುವುದು ಹೆಂಡತಿಯನ್ನು ಶಂಕಿಸುವ ಗಂಡ. ಇಕ್ಕೇರಿ ದೇವಮ್ಮನ ಸಾಲಿನಲ್ಲಿ ಎದುರಾಗುವುದು ಸಿರಿಯ ಸೊಕ್ಕು. ಎದುರಾಳಿಯ ಸಂಖ್ಯೆ ಬೆಳೆಯುವುದಿಲ್ಲ, ಎದುರಾಳಿಯ ಜಾತಿಯೇ ಬದಲಾಗುತ್ತದೆ. ಆದುದರಿಂದ ಸೋಲಿಲ್ಲದ ನಾಯಕನಿದ್ದರೂ ಪ್ರತಿ ರಾತ್ರಿ ಕೇಳುಗರಿಗೆ ಆತಂಕ ಉಳಿಯುತ್ತದೆ: ಈ ಬಾರಿ ಇವನ ಬಲ ಯಾವ ರೂಪದಲ್ಲಿ ಕೆಲಸಕ್ಕೆ ಬಂದೀತು?

ಶಿಷ್ಟ ಪರಂಪರೆಯಲ್ಲಿ ರನ್ನನು ಬೇರೊಂದು ದಾರಿ ಹಿಡಿದಿದ್ದಾನೆ. ಹತ್ತು ಆಶ್ವಾಸಗಳ ಅವನ ಕಾವ್ಯದಲ್ಲಿ ಭೀಮ ದುರ್ಯೋಧನರ ಗದೆಗಳು ತಾಗುವುದು ಕೊನೆಯ ಭಾಗದಲ್ಲಿ. ಅಲ್ಲಿಯವರೆಗೆ ಸಿಂಹಾವಲೋಕನ ಕ್ರಮದಿಂದ ಇಡೀ ಭಾರತವೇ ನೆನಪಾಗಿ ಒದಗುತ್ತದೆ. ಏಟು ಬೀಳುವ ಹೊತ್ತಿಗೆ ಆ ಏಟಿನ ಹಿಂದೆ ಏನೇನಿದೆ ಎಂಬುದು ಓದುಗನಿಗೆ ತಿಳಿದಿರುತ್ತದೆ. ತೊಡೆಗೆ ಹೊಡೆಯಬಾರದೆಂಬ ನಿಯಮ ಇರುವುದರಿಂದಲೇ ತೊಡೆ ಮುರಿದದ್ದು ಪ್ರಶ್ನೆಯಾಗಿ ಉಳಿಯುತ್ತದೆ.

ಈ ಅಳತೆಗೋಲುಗಳನ್ನಿಟ್ಟುಕೊಂಡು ಚಲನಚಿತ್ರಗಳತ್ತ ನೋಡಬಹುದು. ಕನ್ನಡದಲ್ಲಿ ಒಬ್ಬನೇ ನಾಯಕನನ್ನು ಚಿತ್ರದಿಂದ ಚಿತ್ರಕ್ಕೆ ಕೊಂಡೊಯ್ದ ಮುಖ್ಯ ಉದಾಹರಣೆ ದೊರೈ-ಭಗವಾನ್ ಜೋಡಿಯ ಸಿ.ಐ.ಡಿ. 999 ಸರಣಿ. ‘ಜೇಡರ ಬಲೆ’ (1968), ‘ಗೋವಾದಲ್ಲಿ ಸಿ.ಐ.ಡಿ. 999’ (1968), ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ (1969), ‘ಆಪರೇಷನ್ ಡೈಮಂಡ್ ರಾಕೆಟ್’ (1978) ಎಂಬ ನಾಲ್ಕರಲ್ಲೂ ನಾಯಕ ರಾಜ್‌ಕುಮಾರ್. ಬಾಂಡ್ ಚಿತ್ರಗಳ ಪ್ರೇರಣೆ ಇಲ್ಲಿ ಸ್ಪಷ್ಟ. ಆದರೂ ಪ್ರತಿ ಚಿತ್ರಕ್ಕೂ ಹೊಸ ಒಗಟು, ಹೊಸ ಎದುರಾಳಿ ಎಂಬ ಸರಣಿಯ ಸ್ವರೂಪ ‘ಸಾಲು’ಗಳಿಗೇ ಹತ್ತಿರವಾದುದು.

ಇಲ್ಲಿ ವಿಶೇಷವಾಗಿ ಚರ್ಚಿಸಬೇಕಾದ ಚಿತ್ರ ‘ಗಂಧದ ಗುಡಿ’. ವಿಜಯ್ ನಿರ್ದೇಶನದ ಈ ಚಿತ್ರ 1973ರಲ್ಲಿ ತೆರೆಕಂಡಿತು. ನಿರ್ಮಾಪಕ ಎಂ.ಪಿ. ಶಂಕರ್ ಸ್ವತಃ ಮೈಸೂರಿನ ಕುಸ್ತಿಪಟು. ಗರಡಿಯ ಮಣ್ಣು ಮೆತ್ತಿದ ಮೈಯೇ ಚಿತ್ರನಿರ್ಮಾಣಕ್ಕೆ ಬಂದಿತ್ತು ಎಂಬುದನ್ನು ಮರೆಯಬಾರದು. ಕಾಡುಗಳ್ಳರನ್ನು ಎದುರಿಸುವ ಅರಣ್ಯಾಧಿಕಾರಿಯ ಕಥೆ ಕಾಕನಕೋಟೆ, ನಾಗರಹೊಳೆಗಳ ಅಂಚಿನಲ್ಲಿ ಬಾಳುವ ಕೋಟೆ ಮತ್ತು ಹುಣಸೂರಿನ ಜನಕ್ಕೆ ದೂರದ ಕಥೆಯಾಗಿರಲಿಲ್ಲ. ಅಧಿಕಾರಿ ಕುಮಾರನಿಗೆ (ರಾಜ್‌ಕುಮಾರ್) ಎದುರು ನಿಲ್ಲುವ ಆನಂದ (ವಿಷ್ಣುವರ್ಧನ್) ಅವನ ಒಡಹುಟ್ಟಿದವನೇ. ಈ ಸಂಬಂಧವಿರುವುದರಿಂದ ಇಲ್ಲಿ ಜೋಡಿ ಕಟ್ಟಿದೆ. ಏಟು ಯಾರಿಗೆ ಬಿದ್ದರೂ ನಷ್ಟ ಒಂದೇ ಮನೆಗೆ. 1994ರಲ್ಲಿ ಅದೇ ನಿರ್ದೇಶಕರು ಶಿವರಾಜ್‌ಕುಮಾರ್ ಅವರನ್ನು ನಾಯಕನಾಗಿಸಿ, ರಾಜ್‌ಕುಮಾರ್ ಅವರನ್ನು ಅತಿಥಿ ಪಾತ್ರದಲ್ಲಿ ತಂದು ‘ಗಂಧದ ಗುಡಿ ಭಾಗ 2’ ಮಾಡಿದರು. ಕಾಡು ಅದೇ, ಕಳ್ಳರೂ ಅವರೇ ಬಗೆಯವರು. ಸಹೋದರರ ನಡುವಿನ ಆ ಗಂಟು ಮಾತ್ರ ಮೊದಲ ಭಾಗದಲ್ಲೇ ಬಿಚ್ಚಿಹೋಗಿತ್ತು. ಎರಡನೆಯ ಭಾಗ ಮೊದಲನೆಯದರಂತೆ ಜನಮನದಲ್ಲಿ ನಿಲ್ಲದೆ ಹೋದುದಕ್ಕೆ ಹೊಡೆದಾಟಗಳ ಕೊರತೆ ಕಾರಣವಲ್ಲ, ಹೊಡೆದಾಡಲು ಅಂಥದೊಂದು ಕಾರಣವಿಲ್ಲದಿದ್ದುದೇ ಕಾರಣ ಎನ್ನಬೇಕಾಗುತ್ತದೆ. ಅದೇ ಹೆಸರಿನಲ್ಲಿ 2022ರಲ್ಲಿ ಬಂದ, ಪುನೀತ್ ರಾಜ್‌ಕುಮಾರ್ ಕರ್ನಾಟಕದ ಕಾಡುಗಳಲ್ಲಿ ಸಂಚರಿಸುವ ಸಾಕ್ಷ್ಯಚಿತ್ರದಲ್ಲಿ ಹೊಡೆದಾಟವೇ ಇಲ್ಲ. ಜನ ಅದನ್ನು ಕಿಕ್ಕಿರಿದು ನೋಡಿದರು.

ಇತ್ತೀಚಿನ ಚಿತ್ರಗಳಲ್ಲಿ ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್.’ನ ಎರಡು ಅಧ್ಯಾಯಗಳನ್ನು (2018, 2022) ಬಿಟ್ಟು ಚರ್ಚೆ ಸಾಧ್ಯವಿಲ್ಲ. ಎರಡನೆಯ ಅಧ್ಯಾಯದ ಸಾಹಸಕ್ಕೆ ಅನ್ಬರಿವ್ ಜೋಡಿಗೆ ರಾಷ್ಟ್ರಪ್ರಶಸ್ತಿ ದೊರೆತಿದೆ. ಹಾಗಾಗಿ ಕುಶಲತೆ ಕುಸಿದಿದೆ ಎಂಬ ಸರಳ ತೀರ್ಮಾನಕ್ಕೆ ಬರಲಾಗದು. ಕುಸಿದಿರುವುದು ಬೇರೆಯದೇ. ಮೊದಲ ಅಧ್ಯಾಯದಲ್ಲಿ ರಾಕಿ ನರಾಚಿಯ ಗುಲಾಮರ ನಡುವೆ ಗುಟ್ಟಾಗಿ ಸೇರಿಕೊಂಡವನು. ಕೈಯೆತ್ತಿದರೆ ಗುಟ್ಟು ರಟ್ಟಾಗುತ್ತದೆ, ಎತ್ತದಿದ್ದರೆ ಕುರುಡ ಮುದುಕನೊಬ್ಬನ ಪ್ರಾಣ ಹೋಗುತ್ತದೆ. ಆ ಇಕ್ಕಟ್ಟೇ ಅಲ್ಲಿನ ಹೊಡೆದಾಟದ ಬೆನ್ನೆಲುಬು. ಎರಡನೆಯ ಅಧ್ಯಾಯದಲ್ಲಿ ಅವನೇ ನರಾಚಿಯ ದೊರೆ. ‘ದೊಡ್ಡಮ್ಮ’ ಎಂಬ ಯಂತ್ರಬಂದೂಕಿನಿಂದ ಪೊಲೀಸ್ ಠಾಣೆಯನ್ನು ಪುಡಿಗಟ್ಟುವ ಪ್ರಸಂಗದಲ್ಲಿ ಎದುರಾಳಿಯೇ ಇಲ್ಲ, ಗೋಡೆ ಮತ್ತು ಜೀಪುಗಳಿವೆ. ತೆರೆಯನ್ನು ಮತ್ತೆ ಮತ್ತೆ ಕಪ್ಪಾಗಿಸಿ ತುಂಡುತುಂಡಾಗಿ ತೋರಿಸುವ ಕಾರಿನ ಬೆನ್ನಟ್ಟುವಿಕೆಯಲ್ಲಿ ಕಣ್ಣಿಗೆ ರೋಮಾಂಚನವಿದೆ, ಆದರೆ ಯಾವ ಕಾರು ಎಲ್ಲಿ, ಯಾರ ಪಟ್ಟು ಯಾರ ಮೇಲೆ ಎಂಬುದು ಜಾರಿಹೋಗುತ್ತದೆ. ಅಧೀರನೊಡನೆ ಕಡೆಯಲ್ಲಿ ನಡೆಯುವ ಕಾಳಗದಲ್ಲಿ ಮಾತ್ರ ಮತ್ತೆ ಇಬ್ಬರು ಮನುಷ್ಯರು ಎದುರಾಗುತ್ತಾರೆ. ಮೊದಲ ಭೇಟಿಯಲ್ಲಿ ರಾಕಿಯನ್ನು ಗುಂಡಿಟ್ಟು ಕೆಡವಿದ್ದವನು ಈ ಅಧೀರ. ನಾಯಕ ಸೋತದ್ದನ್ನು ಪ್ರೇಕ್ಷಕ ಒಮ್ಮೆ ಕಂಡಿರುವುದರಿಂದ ಈ ಜೋಡಿ ನಿಲ್ಲುತ್ತದೆ.

ಹಿಂದಣ ಕಥೆಗೆ ಹೋಗುವ ಚಿತ್ರಗಳ ತೊಡಕು ಇನ್ನೊಂದು ಬಗೆಯದು. ‘ಮಫ್ತಿ’ಯಲ್ಲಿ (2017) ಭೈರತಿ ರಣಗಲ್ ತೆರೆಗೆ ಬರುವುದೇ ತಡವಾಗಿ. ಅಲ್ಲಿಯವರೆಗೆ ಅವನು ಜನರ ಬಾಯಲ್ಲಿನ ಸುದ್ದಿ, ಅಂಜಿಕೆ. ಅವನ ಪೂರ್ವಕಥೆಯಾಗಿ 2024ರಲ್ಲಿ ಬಂದ ‘ಭೈರತಿ ರಣಗಲ್’ನಲ್ಲಿ ಆ ಮರೆ ಸರಿದಿದೆ. ಇವನು ಮುಂದೆ ಬದುಕಿರುತ್ತಾನೆ ಎಂದು ಬಲ್ಲ ಪ್ರೇಕ್ಷಕನ ಮುಂದೆ ಅವನ ಪ್ರಾಣಕ್ಕೆ ಅಪಾಯವಿದೆಯೆಂದು ನಂಬಿಸುವುದು ಎಂಥ ಸಾಹಸ ನಿರ್ದೇಶಕನಿಗೂ ಕಷ್ಟ. ‘ಕಾಂತಾರ’ದಲ್ಲಿ (2022) ನಾಯಕ ಏಟು ತಿಂದು ಬಿದ್ದ ಮೇಲೆ ಏಳುವುದು ತನ್ನ ಬಲದಿಂದಲ್ಲ, ದೈವದ ಬಲದಿಂದ. ಇಡೀ ಚಿತ್ರ ಆ ಒಂದು ಗಳಿಗೆಗಾಗಿ ಕಾದಿರುತ್ತದೆ. 2025ರ ‘ಕಾಂತಾರ: ಅಧ್ಯಾಯ 1’ರಲ್ಲಿ ಕಾಳಗ ಊರಿನಿಂದ ರಾಜ್ಯಕ್ಕೆ ಬೆಳೆದಿದೆ. ದೃಶ್ಯವೈಭವ ನಿಸ್ಸಂದೇಹವಾಗಿ ದೊಡ್ಡದು. ಆದರೆ ಒಮ್ಮೆ ಮಾತ್ರ ಸಂಭವಿಸಿದಾಗ ಮೈನಡುಗಿಸಿದ್ದು ಹಲವು ಬಾರಿ ಸಂಭವಿಸಿದಾಗ ಅದೇ ನಡುಕ ಉಳಿಯುವುದು ಕಠಿಣ.

ಈ ರೋಗ ಕನ್ನಡಕ್ಕೆ ಸೀಮಿತವಲ್ಲ. ‘ದಿ ಮ್ಯಾಟ್ರಿಕ್ಸ್’ (1999) ಚಿತ್ರದಲ್ಲಿ ನಾಯಕನ ಎದುರು ಒಬ್ಬ ಸ್ಮಿತ್ ಇದ್ದ. 2003ರ ಮುಂದುವರಿಕೆಯಲ್ಲಿ ಅವನ ನಕಲುಗಳೇ ಹಿಂಡಾಗಿ ಬಂದವು, ಅಂಜಿಕೆ ಮಾತ್ರ ಕಡಿಮೆಯಾಯಿತು. ‘ಟೇಕನ್ 3’ರಲ್ಲಿ ನಾಯಕ ಬೇಲಿಯೊಂದನ್ನು ಹಾರುವ ಕ್ರಿಯೆಯನ್ನು ಹತ್ತಕ್ಕೂ ಹೆಚ್ಚು ತುಂಡುಗಳಲ್ಲಿ ಜೋಡಿಸಿರುವುದು ಸಂಕಲನದ ಅತಿರೇಕಕ್ಕೆ ಕುಖ್ಯಾತ ಉದಾಹರಣೆ. ಇದಕ್ಕೆ ವಿರುದ್ಧವಾಗಿ ಇಂಡೊನೇಷ್ಯಾದ ‘ದಿ ರೇಡ್ 2’ (2014) ಅಲ್ಲಿನ ಪೆಂಚಾಕ್ ಸಿಲಾಟ್ ಎಂಬ ದೇಸಿ ಕಾಳಗವಿದ್ಯೆಯನ್ನು ನೆಚ್ಚಿದ್ದರಿಂದ, ಮುಂದುವರಿಕೆಯಾದರೂ ಸೊರಗಲಿಲ್ಲ. ನಟರೇ ಆ ವಿದ್ಯೆ ಬಲ್ಲವರಾದ ಕಾರಣ ಕ್ಯಾಮೆರಾ ದೂರ ನಿಂತು ನೋಡಬಲ್ಲದು.

ಬಹುಶಃ ಮುಖ್ಯ ಕಾರಣ ಇಲ್ಲಿದೆ. ನಟನಿಗೆ ವಿದ್ಯೆ ಇಲ್ಲದ ಕಡೆ ತುಂಡುಗಳು ಹೆಚ್ಚುತ್ತವೆ. ಹಲವು ಭಾಷೆಗಳ ಮಾರುಕಟ್ಟೆಗೆ ಏಕಕಾಲದಲ್ಲಿ ಹೋಗಬೇಕಾದ ಚಿತ್ರಕ್ಕೆ ಅನುವಾದ ಬೇಡದ ಭಾಷೆಯೆಂದರೆ ಹೊಡೆದಾಟ. ಆದಕಾರಣ ಅದರ ಪ್ರಮಾಣ ಬೆಳೆಯುತ್ತದೆ, ತಾಲೀಮಿನ ದಿನಗಳು ಬೆಳೆಯುವುದಿಲ್ಲ. ಆ ಅಂತರವನ್ನು ನಿಧಾನಗತಿಯ ಚಿತ್ರಣ, ತಂತಿಯ ಎಳೆತ, ಗಣಕದ ಧೂಳು ಬೆಂಕಿಗಳು ತುಂಬುತ್ತವೆ. ‘ಪೈಲ್ವಾನ್’ (2019), ‘ಗರಡಿ’ (2023) ಎಂಬ ಹೆಸರುಗಳೇ ತೋರಿಸುವಂತೆ ಗರಡಿಯ ನೆನಪು ಚಿತ್ರರಂಗಕ್ಕೆ ಇಲ್ಲದಿಲ್ಲ. ಆದರೆ ಅದು ವಸ್ತುವಾಗಿ ಬಂದಿದೆ, ಹೊಡೆದಾಟ ಕಟ್ಟುವ ವಿಧಾನವಾಗಿ ಹೆಚ್ಚು ಬಂದಂತಿಲ್ಲ.

ಹಾಗೆಂದು ಹಿಂದಿನ ಕಾಲವನ್ನು ಹಾಡಿಹೊಗಳುವುದೂ ತಪ್ಪಾದೀತು. ‘ನಿಜವಾದ’ ಹೊಡೆದಾಟ ಬೇಕೆಂಬ ಹಂಬಲದ ಬೆಲೆಯನ್ನು ತೆರುವವರು ಪ್ರೇಕ್ಷಕರಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನ ಕಾಡಿನಲ್ಲಿ ಮಾಸ್ತಿಗುಡಿ ಎಂಬ ತಾಣವಿದೆ. ಆ ಹೆಸರನ್ನೇ ಹೊತ್ತ ಚಿತ್ರದ ಸಾಹಸ ದೃಶ್ಯವೊಂದರ ಚಿತ್ರೀಕರಣದಲ್ಲಿ, 2016ರ ನವೆಂಬರ್ 7ರಂದು, ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಜಿಗಿದ ಅನಿಲ್ ಮತ್ತು ಉದಯ್ ಎಂಬ ಇಬ್ಬರು ನಟರು ಮೇಲೆ ಬರಲಿಲ್ಲ. 2021ರ ಆಗಸ್ಟಿನಲ್ಲಿ ಬಿಡದಿಯ ಬಳಿ ಇನ್ನೊಂದು ಚಿತ್ರದ ಸಾಹಸ ದೃಶ್ಯದ ವೇಳೆ ವಿದ್ಯುತ್ ತಗುಲಿ ಮತ್ತೊಬ್ಬ ಸಾಹಸ ಕಲಾವಿದ ತೀರಿಕೊಂಡರು. ಈ ಎರಡೂ ಮುಂದುವರಿದ ಭಾಗಗಳಲ್ಲ ನಿಜ. ಆದರೆ ತಂತಿಯನ್ನೂ ಗಣಕವನ್ನೂ ಹಳಿಯುವ ಮುನ್ನ ಅವು ಎಷ್ಟು ಜೀವಗಳನ್ನು ಕಾಯಬಲ್ಲವು ಎಂಬುದನ್ನು ವಿಮರ್ಶಕ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಗರಡಿಯ ಕಣ್ಣು ಕೇಳುವುದು ಇಂಥ ಜಿಗಿತವನ್ನಲ್ಲ. ಮಟ್ಟಿಯ ಮೇಲೆ ಪ್ರಾಣಾಪಾಯವೇ ಕಾಳಗದ ಸ್ವಾರಸ್ಯವಲ್ಲ. ಮಣ್ಣನ್ನು ಹದಮಾಡುವುದೇ ಬಿದ್ದವನಿಗೆ ಪೆಟ್ಟಾಗದಿರಲೆಂದು. ಉಸ್ತಾದನೊಬ್ಬ ಹುಡುಗನನ್ನು ಅಖಾಡಕ್ಕೆ ಬಿಡುವ ಮೊದಲು ವರ್ಷಗಟ್ಟಲೆ ದಂಡೆ, ಬಸ್ಕಿ ಹೊಡೆಸುತ್ತಾನೆ. ಹೇಗೆ ಕೆಡವಬೇಕೆಂಬುದರ ಜೊತೆಗೆ ಹೇಗೆ ಬೀಳಬೇಕೆಂಬುದನ್ನೂ ಕಲಿಸುತ್ತಾನೆ. ಚಲನಚಿತ್ರದಲ್ಲಿ ಇದಕ್ಕೆ ಸಮನಾದುದು ಸಂಬಳ ಕೊಟ್ಟು ನಡೆಸುವ ತಾಲೀಮು, ಮತ್ತು ನಾಯಕನೊಡನೆ ಸಾಹಸ ಕಲಾವಿದರೂ ಒಟ್ಟಿಗೆ ಕಳೆಯುವ ದಿನಗಳು. ‘ಭಾಗ 2’ಕ್ಕೆ ಮೀಸಲಿಡುವ ಹಣದಲ್ಲಿ ಈ ಬಾಬ್ತಿಗೆ ಎಷ್ಟು ಹೋಗುತ್ತದೆ ಎಂಬುದು ತೆರೆಯ ಮೇಲಿನ ಹೆಸರುಪಟ್ಟಿಯಲ್ಲಿ ಕಾಣುವುದಿಲ್ಲ. ಏಟು ತಿಂದು ಬೀಳುವವರ ಪೈಕಿ ಹೆಚ್ಚಿನವರ ಹೆಸರುಗಳೂ ಅಲ್ಲಿ ಕಾಣುವುದಿಲ್ಲ.