ಹುತ್ತದ ಆಕಾರ ಬೇಡ, ಅದರ ಉಸಿರಾಟ ಸಾಕು

ಸವದತ್ತಿ ಹತ್ತಿರದ ನಿಮ್ಮೂರಲ್ಲಿ ಮನೆ ಕಟ್ಟಿಸಲು ಮಗ ಹುತ್ತದ ಆಕಾರದ ನಕ್ಷೆ ತಂದಿದ್ದಾನೆ ಎಂದು ಬರೆದಿದ್ದೀರಿ. ಅವನ ಆಸೆ ಒಳ್ಳೆಯದೇ, ಯಜಮಾನರೇ. ಆದರೆ ಹುತ್ತದಿಂದ ಕಲಿಯಬೇಕಾದ್ದು ರೂಪವಲ್ಲ. ಗೆದ್ದಲು ಕಟ್ಟಿದ ದಪ್ಪ ಮಣ್ಣು ಬಿಸಿಲನ್ನು ತಡೆಯುತ್ತದೆ. ಅದರೊಳಗಿನ ಸಣ್ಣ ಸಣ್ಣ ರಂಧ್ರಗಳು ಕೆಟ್ಟ ಗಾಳಿಯನ್ನು ಹೊರಬಿಡುತ್ತವೆ. ಹುತ್ತದಿಂದಲೇ ಪ್ರೇರಣೆ ಪಡೆದು ಮಿಕ್ ಪಿಯರ್ಸ್ ವಿನ್ಯಾಸ ಮಾಡಿದ ಹರಾರೆಯ ಈಸ್ಟ್‌ಗೇಟ್ ಕಟ್ಟಡ 1996ರಲ್ಲಿ ತೆರೆಯಿತು. ರಾತ್ರಿಯ ಗಾಳಿಯಿಂದ ಕಾಂಕ್ರೀಟನ್ನು ತಣಿಸಿ, ಹಗಲು ಆ ತಂಪನ್ನು ಬಳಸುವುದು ಅದರ ಗುಟ್ಟು.

ನಿಮ್ಮ ಹಳೆಯ ಮಣ್ಣಿನ ಮಾಳಿಗೆ ಮನೆಯೂ ಇದನ್ನೇ ಮಾಡುತ್ತಿತ್ತು. ಅದನ್ನು ಪೂರ್ತಿ ಕೆಡವಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗಟ್ಟಿಯಿರುವ ದಪ್ಪ ಗೋಡೆಗಳನ್ನು ಉಳಿಸಿ. ಹೊಸ ಪಡಸಾಲೆಯಲ್ಲಿ ಸೂರಿಗೆ ಹತ್ತಿದಂತೆ ಎದುರುಬದುರು ಕಿಂಡಿ ಇಡಿಸಿ, ಮೇಲೊಂದು ಬೆಳಕಿಂಡಿ ಬಿಡಿಸಿ. ಬೇಸಿಗೆಯಲ್ಲಿ ರಾತ್ರಿಯೆಲ್ಲ ಅವು ತೆರೆದಿರಲಿ, ಬಿಸಿಲೇರುವ ಮೊದಲೇ ಮುಚ್ಚಿ.

ಇನ್ನು ಮೇಲಿನ ಸೂರಿನ ಮಾತು. ಸಹಾರಾ ಮರುಭೂಮಿಯ ಬೆಳ್ಳಿ ಇರುವೆಯ ಮೈಮೇಲಿನ ತ್ರಿಕೋನಾಕಾರದ ಕೂದಲುಗಳು ಬಿಸಿಲನ್ನು ಹಿಂದಕ್ಕೆ ತಳ್ಳುತ್ತವೆ. ನಿಮ್ಮ ಹೊಸ ಮನೆಯ ಸ್ಲ್ಯಾಬಿಗೆ ಆ ಕೆಲಸ ಮಾಡಲು ಬಿಳಿ ಸುಣ್ಣ ಸಾಕು.

ನನಗೆ ನಿಜವಾದ ಚಿಂತೆ ನಿಮ್ಮ ಎರೆಭೂಮಿಯದು. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಗೋಡೆ ಸೀಳುವುದು ಅಲ್ಲಿಂದಲೇ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಪಾಯ ಎರೆ ದಾಟಿ ಗಟ್ಟಿ ನೆಲ ಮುಟ್ಟಲಿ, ಅದು ತೀರ ಆಳದಲ್ಲಿದ್ದರೆ ಎಂಜಿನಿಯರ್ ಹೇಳಿದಂತೆ ಪೈಲ್ ಹಾಕಿಸಿ. ಪ್ಲಿಂತ್ ಬೀಮ್ ಬಿಡಬೇಡಿ. ಬಚ್ಚಲ ನೀರು ಗೋಡೆಯ ಬುಡಕ್ಕೆ ಇಂಗದಂತೆ ದೂರ ಹರಿಸಿ.