ದುಡಿಯಲು ಕಲಿಸುವುದೂ ಒಂದು ಹೊಣೆ

ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ, ವಯಸ್ಸು ಮೂವತ್ತಾದರೂ ‘ಪಾಪ, ಅವನಿಗೇನು ತಿಳಿಯುತ್ತದೆ’ ಎಂದು ಮೂಲೆಯಲ್ಲಿ ಕೂರಿಸಲ್ಪಟ್ಟ ಮಗನೋ ಮಗಳೋ ಇದ್ದಾರೆಯೇ? ಅವರಿಗೆ ಊಟ, ಬಟ್ಟೆ ಸಿಗುತ್ತಿರಬಹುದು. ಆದರೆ ಕೆಲಸ ಕಲಿಸಿದವರು ಯಾರು? ತಂದೆ ತಾಯಿಯ ಕಾಲಾನಂತರ ಅವರ ಗತಿಯೇನು?

ಬುದ್ಧಿಯಲ್ಲಿ ಕೊರತೆಯಿದ್ದ ಮಹಿಳೆಯೊಬ್ಬಳು ತನಗೊಂದು ಕೆಲಸವಾಗಬೇಕಿದೆ ಎಂದಾಗ ಪ್ರವಾದಿವರ್ಯರು(ಸ), ಆಕೆ ಇಷ್ಟಪಟ್ಟ ಬೀದಿಗೆ ತಾವೇ ಬರುವುದಾಗಿ ಹೇಳಿ, ಅವಳ ಮಾತು ಮುಗಿಯುವವರೆಗೂ ಆಲಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಬೇಡಲು ಬಂದ ಅನ್ಸಾರಿಯೊಬ್ಬರ ವಸ್ತುಗಳನ್ನು ಮಾರಿಸಿ, ಕೊಡಲಿ ತರಿಸಿ, ಸ್ವತಃ ಹಿಡಿ ಹಾಕಿಕೊಟ್ಟು ಸೌದೆ ಕಡಿಯಲು ಕಳುಹಿಸಿದ ಘಟನೆಯನ್ನು ಅಬೂದಾವೂದ್ ವರದಿ ಮಾಡಿದ್ದಾರೆ. ಮೊದಲನೆಯದು ಗೌರವದ ಪಾಠ, ಎರಡನೆಯದು ದುಡಿಮೆಯ ಪಾಠ. ನಮಗೆ ಎರಡೂ ಬೇಕು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಇಂತಹವರ ಕೈಗೆಟುಕುವ ಕೆಲಸಗಳಿಗೆ ಕೊರತೆಯಿಲ್ಲ. ಶೇಂಗಾ ಸುಲಿಯುವುದು, ಹುಣಸೆಹಣ್ಣು ಬಿಡಿಸುವುದು, ಆಡು ಕುರಿ ಸಾಕುವುದು, ಅಂಗಡಿಯಲ್ಲಿ ಸಾಮಾನು ಜೋಡಿಸುವುದು, ಇವೆಲ್ಲ ಕೆಲಸಗಳೇ. ಹೆಸರಾದ ಹಡಗಲಿ ಮಲ್ಲಿಗೆಯನ್ನೇ ತೆಗೆದುಕೊಳ್ಳಿ. ‘ಹೂ ಕಟ್ಟು’ ಎಂದರೆ ಅವರಿಗೆ ಅದು ಬೆಟ್ಟದಂತೆ ಕಾಣಬಹುದು. ಮೊದಲ ವಾರ ಮೊಗ್ಗುಗಳನ್ನು ಜೋಡಿ ಜೋಡಿಯಾಗಿ ಇಡುವುದಷ್ಟೇ ಕಲಿಸಿ. ಅದು ಕೈಗೆ ಹತ್ತಿದ ಮೇಲೆ ನೂಲು ಸುತ್ತುವುದು, ಬಳಿಕ ಗಂಟು. ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಿ. ಎಣಿಸಲು, ಅಳೆಯಲು ಬಾರದಿದ್ದರೆ ಒಂದು ಮೊಳದ ಕೋಲು ಕಡಿದುಕೊಡಿ. ಮಾಲೆ ಕೋಲಿನಷ್ಟಾದರೆ ಲೆಕ್ಕ ಸರಿಯಾಯಿತು. ತಪ್ಪಿದಾಗ ಕಸಿದುಕೊಂಡು ನೀವೇ ಮುಗಿಸಬೇಡಿ. ಹಾಗೆ ಮಾಡಿದರೆ ‘ನನ್ನಿಂದಾಗದು’ ಎಂಬುದೇ ಅವರು ಕಲಿಯುವ ಪಾಠವಾಗುತ್ತದೆ.

ದುಡಿದದ್ದಕ್ಕೆ ಕೂಲಿ ಕೊಡಿ. ಹತ್ತು ರೂಪಾಯಿಯಾದರೂ ಅವರ ಕೈಗೇ ಕೊಡಿ. ಆ ಹಣದಿಂದ ತಾಯಿಗೆ ಬಾಳೆಹಣ್ಣು ತಂದ ದಿನ ಅವರ ಮುಖವನ್ನು ನೋಡಿ. ‘ಹುಚ್ಚ’, ‘ಪೆದ್ದ’ ಎಂಬ ಅಡ್ಡಹೆಸರುಗಳನ್ನು ಮನೆಯಿಂದಲೇ ಹೊರಹಾಕಿ. ಅಡ್ಡಹೆಸರಿಟ್ಟು ಗೇಲಿ ಮಾಡುವುದನ್ನು ಕುರ್‌ಆನಿನ ಹುಜುರಾತ್ ಅಧ್ಯಾಯವು ಸ್ಪಷ್ಟವಾಗಿ ನಿಷೇಧಿಸಿದೆ.

ಕಾನೂನೂ ಅವರ ಪರವಾಗಿದೆ. ಬೌದ್ಧಿಕ ಅಂಗವಿಕಲತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ. ಸರಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗಿರುವ ಶೇ. 4ರ ಮೀಸಲಾತಿಯಲ್ಲಿ ಇವರಿಗೂ ಪಾಲಿದೆ. 18 ವರ್ಷ ದಾಟಿದವರಿಗೆ ಅಗತ್ಯವಿದ್ದಲ್ಲಿ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ದಾರಿ ಮಾಡಿಕೊಟ್ಟಿದೆ. ಗುರುತಿನ ಚೀಟಿಗಾಗಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಾಣಿರಿ.

ಸಹೋದರ ಸಹೋದರಿಯರೇ, ಅಲ್ಲಾಹನು ಯಾರ ಮೇಲೂ ಸಾಮರ್ಥ್ಯಕ್ಕೆ ಮೀರಿದ ಹೊರೆಯನ್ನು ಹೊರಿಸುವುದಿಲ್ಲ. ಆದರೆ ಇರುವ ಸಾಮರ್ಥ್ಯವನ್ನು ಮೂಲೆಯಲ್ಲಿ ಕೊಳೆಯಿಸಿದ್ದಕ್ಕೆ ನಾವು ಉತ್ತರ ಕೊಡಬೇಕಾದೀತು. ನಾಳೆ ಬೆಳಿಗ್ಗೆ ಅವರ ಕೈಗೆ ಒಂದು ಚಿಕ್ಕ ಕೆಲಸ ಕೊಟ್ಟು, ಪಕ್ಕದಲ್ಲಿ ತಾಳ್ಮೆಯಿಂದ ಕುಳಿತುಕೊಳ್ಳಿ.